ಹೈಡ್ರೋಕಾರ್ಬನ್ ಆವಿ ಬೆಳಕು ಕೊಡೋದು ಹೆಂಗ್ರಿ?

ಧಾರವಾಡ_ಎಮ್ಮೆಸ್ಸಿ:
ಸರ್, ಲ್ಯಾಬಿನ್ಯಾಗ ಆಂಥ್ರಸೀನ್ (ಮೂರು ಕಾರ್ಬನ್ ಉಂಗುರ ಕೂಡಿದ ಹೈಡ್ರೋಕಾರ್ಬನ್, ಅಂದ್ರ ಬರೇ ಕಾರ್ಬನ್ ಹೈಡ್ರೋಜನ್ ಇರೋ ವಸ್ತು) ದ್ರಾವಣಕ್ಕ ಯುವಿ (ಕಣ್ಣಿಗೆ ಕಾಣದ ನೇರಳಾತೀತ ಬೆಳಕು) ಹಾಕಿದ್ರ ನೀಲಿ ಬೆಳಕು ಚೊಲೊ ಕಾಣ್ತೈತಿ, ಅದನ್ನ ಕಾಸಿ ಆವಿ ಮಾಡಿದ್ರೂ ಹೊಳೀತೈತಿ ಆದ್ರ ಸ್ಪೆಕ್ಟ್ರಮ್ (ಯಾವ ತರಂಗಾಂತರದಾಗ ಎಷ್ಟು ಬೆಳಕು ಅನ್ನೋ ಹಂಚಿಕಿ) ಬ್ಯಾರೆ ಅಂತ ಓದಿದೆ. ಮಾಲೆಕ್ಯೂಲ್ ಅದ ಐತಲ್ರೀ, ಹಂಗ್ಯಾಕ? ಬರ್ನರ್‌ನ ನೀಲಿ ಬೆಂಕೀನೂ ಇದ ಏನ್ರಿ?

ಹುಬ್ಬಳ್ಳಿ_ಲೇಸರ್:
ನೋಡ್ ತಮ್ಮಾ, ಯುವಿ ಬಿದ್ದಾಗ ಇಲೆಕ್ಟ್ರಾನ್ ಮ್ಯಾಲಿನ ಮಟ್ಟಕ್ಕ ಹೋಗೋದಷ್ಟ ಅಲ್ಲ, ಇಡೀ ಮಾಲೆಕ್ಯೂಲ್ ಅಲುಗಾಡಾಕ ಹತ್ತತೈತಿ. ದ್ರಾವಣದಾಗ ಆ ಹೆಚ್ಚಿನ ಕಂಪನದ ಎನರ್ಜಿ ಕೆಲವು ಪಿಕೋಸೆಕೆಂಡಿನ್ಯಾಗ (ನ್ಯಾನೋಸೆಕೆಂಡಿನ ಸಾವಿರದಾಗ ಒಂದು ಪಾಲು) ಸಾಲ್ವೆಂಟಿಗೆ, ಅಂದ್ರ ಕರಗಿಸಿದ ದ್ರವಕ್ಕ, ಹೋಗಿಬಿಡ್ತೈತಿ, ಬೆಳಕು ಬರೋದು ಆಮ್ಯಾಲ, ನ್ಯಾನೋಸೆಕೆಂಡ್ ಲೆಕ್ಕದಾಗ. ಕಡಿಮಿ ಒತ್ತಡದ ಆವಿಯೊಳಗ ಅಷ್ಟರಾಗ ಡಿಕ್ಕಿ ಹೊಡಿಯಾಕ ಆಜೂಬಾಜೂ ಯಾರೂ ಇರಂಗಿಲ್ಲ, ಕಂಪನ ಇಟ್ಕೊಂಡ ಬೆಳಕು ಬಿಡ್ತೈತಿ, ಅದಕ್ಕ ನೀ ಯಾವ ತರಂಗಾಂತರ ಹಾಕಿದಿ ಅನ್ನೋದರ ಮ್ಯಾಲ ಸ್ಪೆಕ್ಟ್ರಮ್ಮೂ ಬದಲಾಗ್ತೈತಿ. ಆರ್ಗಾನ್‌ನಂಥ ಗ್ಯಾಸ್ ತುಂಬಿ ಒತ್ತಡ ಏರಿಸಿದ್ರ ಡಿಕ್ಕಿ ಹೆಚ್ಚಾಗಿ ಆ ಫರಕ್ ಕಡಿಮಿ ಆಗ್ತದ. ನನಗ ಇದು ಭಾಳ ಚಂದ ಅನಸ್ತೈತಿ. ಟ್ಯೂಬಿನ್ಯಾಗ ಗಾಳಿ ಉಳಿಸಬ್ಯಾಡ ಮತ್ತ, ಆಕ್ಸಿಜನ್ ಹೊಳಪು ಕುಂದಸ್ತೈತಿ.

ಗದಗ_ಟೀಚರ್:
ಬರ್ನರ್ ಬ್ಯಾರೆನ ಐತಿ ನೋಡಪಾ. ಅಲ್ಲಿ ಹೊರಗಿನ ಬೆಳಕು ಬೇಕಿಲ್ಲ, ಇಂಧನ ಮುರದು ಸಿಎಚ್ (ಒಂದು ಕಾರ್ಬನ್, ಒಂದು ಹೈಡ್ರೋಜನ್), ಸಿ2 (ಎರಡು ಕಾರ್ಬನ್) ತುಣುಕು ರಾಸಾಯನಿಕ ಕ್ರಿಯೆಯಾಗ ಹುಟ್ಟುವಾಗನ ಎನರ್ಜಿ ಹೊತ್ಕೊಂಡ ಬರ್ತಾವು. 431 ನ್ಯಾನೋಮೀಟರಿನ ನೇರಳೆ-ನೀಲಿ ಸಿಎಚ್‌ದು, 516ರ ಹತ್ರದ ಹಸಿರು ಸಿ2ದು, ಅದಕ್ಕ ಸ್ವಾನ್ ಬ್ಯಾಂಡ್ ಅಂತಾರ, ಧೂಮಕೇತುವಿನ ಹಸಿರೂ ಅದರದ. ಗಾಳಿ ಕಿಂಡಿ ಮುಚ್ಚಿದ್ರ ಬರೋ ಹಳದಿ ಮಾತ್ರ ಮಾಲೆಕ್ಯೂಲಿಂದಲ್ಲ, ಕಾದ ಮಸಿ ಕಣದ್ದು.

ಧಾರವಾಡ_ಎಮ್ಮೆಸ್ಸಿ:
ಥ್ಯಾಂಕ್ಸ್ ಸರ್, ಮೇಡಂ. ಬೆಂಜೀನ್ ಆವಿದೂ ಕಣ್ಣಿಗೆ ಕಾಣ್ತೈತೇನ್ರಿ?

ಹುಬ್ಬಳ್ಳಿ_ಲೇಸರ್:
ಇಲ್ಲ, ಅದು ಬಿಡೋದು ಯುವಿನ್ಯಾಗ, ಡಿಟೆಕ್ಟರ್ ಬೇಕು. ಬೆಂಜೀನಿಗೆ ಒಂದ ಉಂಗುರ, ಆಂಥ್ರಸೀನ್‌ನಂಗ ಉಂಗುರ ಹೆಚ್ಚಾದಂಗ ಬೆಳಕು ಕಣ್ಣಿಗೆ ಕಾಣೋ ಬಣ್ಣದ ಕಡೆ ಸರೀತೈತಿ.