19ನೆಯ ಶತಮಾನದ ಚಿತ್ರಕಾರರು ಸಂಗೀತದಿಂದ ನಿಜಕ್ಕೂ ಏನನ್ನು ಪಡೆದರು?

ಪ್ರಶ್ನೆ: ಕುಂಚಪ್ರಿಯ

19ನೆಯ ಶತಮಾನದ ಯುರೋಪಿನ ಚಿತ್ರಕಲೆಯ ಬಗ್ಗೆ ಓದುವಾಗ ಸಂಗೀತದ ಮಾತು ಅಡಿಗಡಿಗೂ ಎದುರಾಗುತ್ತದೆ. ಲಂಡನ್ನಿನಲ್ಲಿ ನೆಲೆಸಿದ್ದ ಚಿತ್ರಕಾರ ವಿಸ್ಲರ್ ತನ್ನ ಚಿತ್ರಗಳನ್ನು ಸಿಂಫನಿ (ವಾದ್ಯವೃಂದದ ದೊಡ್ಡ ಕೃತಿ), ನಾಕ್ಟರ್ನ್ (ರಾತ್ರಿಯ ಭಾವದ ಸಂಗೀತ ಕೃತಿ) ಎಂದು ಕರೆದ. ಪಾಲ್ ಸಿನ್ಯಾಕ್ ಕೆಲವು ವರ್ಷಗಳ ಕಾಲ ತನ್ನ ಕ್ಯಾನ್ವಾಸುಗಳಿಗೆ, ಸಂಗೀತ ಕೃತಿಗಳಿಗೆ ಕೊಡುವಂತೆ, ಓಪಸ್ ಸಂಖ್ಯೆಗಳನ್ನು, ಎಂದರೆ ಕೃತಿಯ ಕ್ರಮಸಂಖ್ಯೆಗಳನ್ನು, ಕೊಟ್ಟ. ಎಲ್ಲ ಕಲೆಗಳೂ ಸದಾ ಸಂಗೀತದ ಸ್ಥಿತಿಗಾಗಿ ಹಂಬಲಿಸುತ್ತವೆ ಎಂದು ಇಂಗ್ಲಿಷ್ ವಿಮರ್ಶಕ ವಾಲ್ಟರ್ ಪೇಟರ್ 1877ರಲ್ಲಿ ಬರೆದ. ಅತ್ತ ಸಂಗೀತಗಾರರ ಕಡೆಯಿಂದ ನೋಡಿದರೆ, ಲಿಸ್ಟ್ ರಾಫೆಲನ ಚಿತ್ರವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಪಿಯಾನೊ ಕೃತಿಯನ್ನೂ, ಕೌಲ್‌ಬಾಖ್ ಬರೆದ ಹೂಣರ ಯುದ್ಧದ ಚಿತ್ರವನ್ನು ಆಧರಿಸಿ 1857ರಲ್ಲಿ ವಾದ್ಯವೃಂದದ ಕೃತಿಯನ್ನೂ ರಚಿಸಿದ.

ನನ್ನ ಸಂದೇಹ ಇಷ್ಟು. ಚಿತ್ರ ಕಣ್ಣೆದುರು ಒಮ್ಮೆಗೇ ಇಡಿಯಾಗಿ ನಿಲ್ಲುತ್ತದೆ. ಸಂಗೀತ ಕಾಲದಲ್ಲಿ ಹರಿದು ಮುಗಿದುಹೋಗುತ್ತದೆ. ಸ್ವಭಾವದಲ್ಲೇ ಇಷ್ಟು ಬೇರೆಯಾದ ಈ ಎರಡು ಕಲೆಗಳ ನಡುವಿನ ಈ ಬಾಂಧವ್ಯ ಶೀರ್ಷಿಕೆಗಳ ಮಟ್ಟದ ಅಲಂಕಾರವಷ್ಟೇ ಆಗಿತ್ತೆ, ಅಥವಾ ಚಿತ್ರಕಾರ ಬಣ್ಣ ಹಚ್ಚುವ ರೀತಿಯನ್ನು, ಸಂಗೀತಗಾರ ಸ್ವರ ಕೂಡಿಸುವ ರೀತಿಯನ್ನು ಅದು ಬದಲಾಯಿಸಿತೆ? ಬಲ್ಲವರು ನಿದರ್ಶನಗಳೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಹಳೆಯ ಓದುಗ

ಶೀರ್ಷಿಕೆಯನ್ನು ಬರಿಯ ಅಲಂಕಾರವೆಂದು ತಳ್ಳಿಹಾಕುವುದು ಅವಸರದ ತೀರ್ಮಾನವಾದೀತು. ವಿಸ್ಲರನ ವಿಷಯದಲ್ಲಂತೂ ಶೀರ್ಷಿಕೆಯೇ ವಾದದ ಕೇಂದ್ರವಾಗಿತ್ತು.

ಬಿಳಿಯುಡುಪಿನ ಹುಡುಗಿಯ ಅವನ ಚಿತ್ರ 1863ರಲ್ಲಿ ಪ್ಯಾರಿಸ್ಸಿನ ತಿರಸ್ಕೃತರ ಪ್ರದರ್ಶನದಲ್ಲಿ, ಎಂದರೆ ಅಧಿಕೃತ ಪ್ರದರ್ಶನ ನಿರಾಕರಿಸಿದ ಚಿತ್ರಗಳ ಪ್ರದರ್ಶನದಲ್ಲಿ, ಇದ್ದಾಗ, ಪಾಲ್ ಮಾಂಟ್ಸ್ ಎಂಬ ವಿಮರ್ಶಕ ಅದನ್ನು ಬಿಳಿಯ ಸಿಂಫನಿ ಎಂದು ವರ್ಣಿಸಿದ್ದ. ಆ ಮಾತನ್ನು ವಿಸ್ಲರ್ ತನ್ನದಾಗಿಸಿಕೊಂಡು, ಮೂರನೆಯ ಬಿಳಿ ಚಿತ್ರಕ್ಕೆ ಬರುವ ಹೊತ್ತಿಗೆ ಹೆಸರನ್ನು ಕ್ಯಾನ್ವಾಸಿನ ಮೇಲೆಯೇ ಬರೆದುಬಿಟ್ಟ. 1867ರಲ್ಲಿ ಅದನ್ನು ನೋಡಿದ ಹ್ಯಾಮರ್ಟನ್ ಎಂಬ ವಿಮರ್ಶಕ, ಬಿಳಿಯ ಸಿಂಫನಿ ಎಂದು ಹೇಳಿಕೊಳ್ಳುವ ಈ ಚಿತ್ರದಲ್ಲಿ ಒಬ್ಬಳ ಉಡುಪು ಹಳದಿ ಛಾಯೆಯದು, ಅಲ್ಲೊಂದು ನೀಲಿ ರಿಬ್ಬನ್ ಇದೆ, ಕೆಂಪು ಬೀಸಣಿಗೆ ಇದೆ, ಹಸಿರೆಲೆಗಳಿವೆ, ಇನ್ನೊಬ್ಬಳ ಕೂದಲು ಕೆಂಪಗಿದೆ ಎಂದು ಪಟ್ಟಿ ಮಾಡಿ ತಕರಾರು ತೆಗೆದ. ಹಾಗಾದರೆ ಎಫ್ ಶ್ರುತಿಯ ಸಿಂಫನಿಯಲ್ಲಿ ಎಫ್ ಸ್ವರವೊಂದನ್ನೇ ಮೊದಲಿನಿಂದ ಕೊನೆಯವರೆಗೆ ಬಾರಿಸುತ್ತಾರೆಂದು ಈತ ತಿಳಿದಿದ್ದಾನೆಯೇ ಎಂದು ವಿಸ್ಲರ್ ಮರುಪ್ರಶ್ನೆ ಹಾಕಿ, ಜೊತೆಗೆ ಮೂರ್ಖನೆಂದೂ ಬೈದ. ಬೈಗುಳವನ್ನು ಬದಿಗಿಟ್ಟು ಯೋಚಿಸಿದರೆ ಈ ಉತ್ತರದಲ್ಲಿ ಕಸುಬಿನ ಮಾತೇ ಇದೆ. ಬಿಳಿ ಇಲ್ಲಿ ಆಧಾರಸ್ವರ. ಮಿಕ್ಕ ಬಣ್ಣಗಳಿಗೆ ಸ್ಥಾನ ಸಿಗುವುದು ಅದರೊಡನೆ ಅವು ಹೊಂದಿರುವ ಅಂತರದಿಂದ. ಹೀಗೆ ನೋಡುವ ಚಿತ್ರಕಾರನಿಗೆ ಬೀಸಣಿಗೆ ಮೊದಲು ಒಂದು ಕೆಂಪು, ಆಮೇಲೆ ಬೀಸಣಿಗೆ.

ನಾಕ್ಟರ್ನ್ ಎಂಬ ಹೆಸರನ್ನು ಅವನಿಗೆ 1872ರಲ್ಲಿ ಸೂಚಿಸಿದವನು ಅವನ ಪೋಷಕನಾಗಿದ್ದ ಲಿವರ್‌ಪೂಲಿನ ಹಡಗು ಮಾಲೀಕ ಲೇಲ್ಯಾಂಡ್. ಆತ ಹವ್ಯಾಸಿ ಪಿಯಾನೊ ವಾದಕ. ಅದಕ್ಕೂ ಮೊದಲು ಥೇಮ್ಸ್ ನದಿಯ ಆ ರಾತ್ರಿಚಿತ್ರಗಳನ್ನು ವಿಸ್ಲರ್ ಬೆಳದಿಂಗಳುಗಳೆಂದೇ ಕರೆಯುತ್ತಿದ್ದ. ರಾತ್ರಿ ನದಿಯ ದಂಡೆಯಲ್ಲಿ ನಿಂತು ದೃಶ್ಯವನ್ನು ಬಾಯಿಪಾಠ ಮಾಡಿಕೊಂಡು ಬಂದು, ಬಣ್ಣವನ್ನು ಸಾರಿನಷ್ಟು ತೆಳ್ಳಗೆ ಕದಡಿ, ಅದು ಇಳಿದುಹೋಗದಂತೆ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ ಬರೆಯುತ್ತಿದ್ದನಾದ್ದರಿಂದ, ವಿವರಗಳು ಉದುರಿ ಛಾಯೆಗಳಷ್ಟೇ ಉಳಿಯುತ್ತಿದ್ದವು. ಬಾಣಬಿರುಸಿನ ಕಿಡಿಗಳು ಕಪ್ಪು ಆಕಾಶದಿಂದ ಉದುರುವ ಚಿತ್ರಕ್ಕೆ ಅವನು 200 ಗಿನಿ ಬೆಲೆ ಇಟ್ಟಾಗ, ವಿಮರ್ಶಕ ರಸ್ಕಿನ್ ಅದನ್ನು ಸಾರ್ವಜನಿಕರ ಮುಖಕ್ಕೆ ಬಣ್ಣದ ಕುಡಿಕೆ ಎರಚಿದಂತೆ ಎಂದು ಜರೆದ. ವಿಸ್ಲರ್ ಮಾನನಷ್ಟದ ಮೊಕದ್ದಮೆ ಹೂಡಿ 1878ರಲ್ಲಿ ಗೆದ್ದ. ನ್ಯಾಯಾಲಯ ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್, ಅಂದರೆ ಪೆನ್ನಿಯ ಕಾಲು ಭಾಗ. ಮರುವರ್ಷವೇ ಅವನು ದಿವಾಳಿಯಾದ.

ನನ್ನ ಅಭಿಪ್ರಾಯದಲ್ಲಿ ಚಿತ್ರಕಾರರು ಸಂಗೀತದಿಂದ ಪಡೆದದ್ದು ತಂತ್ರವನ್ನಲ್ಲ, ಒಂದು ಪರವಾನಗಿಯನ್ನು. ಶತಮಾನದ ಆರಂಭದಲ್ಲಿಯೇ ಜರ್ಮನ್ ಲೇಖಕ ಹಾಫ್‌ಮನ್, ತತ್ವಜ್ಞಾನಿ ಶೋಪೆನ್‌ಹಾವರ್ ಮೊದಲಾದವರು ಸಂಗೀತವನ್ನು ಕಲೆಗಳ ತುತ್ತತುದಿಗೇರಿಸಿದ್ದರು. ಅದರಲ್ಲೂ ಹಾಫ್‌ಮನ್ 1810ರಲ್ಲಿ ಬೆಥೋವನ್ನನ ಐದನೆಯ ಸಿಂಫನಿಯ ಬಗ್ಗೆ ಬರೆಯುತ್ತ ಮಾತಿನ ಹಂಗಿಲ್ಲದ ವಾದ್ಯಸಂಗೀತವನ್ನೇ ಎತ್ತಿಹಿಡಿದ. ಯಾವ ಕಥೆಯನ್ನೂ ಹೇಳದೆ ಸಂಗೀತ ಮೇಲಾಗಬಹುದಾದರೆ ಚಿತ್ರವೂ ಹಾಗಾಗಬಹುದಲ್ಲ ಎಂಬ ಧೈರ್ಯ ಕುಂಚ ಹಿಡಿದವರಿಗೆ ಬಂತು. ತಮಾಷೆಯೆಂದರೆ ಅದೇ ಕಾಲದಲ್ಲಿ ಲಿಸ್ಟನಂಥವರು ಚಿತ್ರಗಳಿಂದ ಕಥೆಯನ್ನೇ ಎರವಲು ತರುತ್ತಿದ್ದರು. ಒಬ್ಬರು ಇಳಿಸಿದ ಹೊರೆಯನ್ನು ಇನ್ನೊಬ್ಬರು ಹೊತ್ತುಕೊಂಡರು.

ಉತ್ತರ: ತಂಬೂರಿ

ಹಳೆಯ ಓದುಗರ ಮಾತು ವಿಸ್ಲರನಿಗೆ ಒಪ್ಪುತ್ತದೆ, ಶತಮಾನಕ್ಕೆಲ್ಲ ಒಪ್ಪುವುದಿಲ್ಲ. ತಂತ್ರದ ಮಟ್ಟದಲ್ಲಿ ಕೊಡುಕೊಳ್ಳುವಿಕೆ ಇರಲಿಲ್ಲ ಎನ್ನುವ ಮೊದಲು ಫ್ರೆಂಚ್ ಚಿತ್ರಕಾರ ಡೆಲಕ್ರ್ವಾನ ದಿನಚರಿಯನ್ನು ಗಮನಿಸಬೇಕು.

1849ರ ಏಪ್ರಿಲ್ 7ರಂದು, ಆಗಲೇ ಕಾಯಿಲೆಯಿಂದ ಸೊರಗಿದ್ದ ಪಿಯಾನೊ ಸಂಗೀತಗಾರ ಶೋಪೆನ್‌ನ ಜೊತೆ ಗಾಡಿಯಲ್ಲಿ ಹೋಗುವಾಗ, ಸಂಗೀತದಲ್ಲಿ ತರ್ಕವನ್ನು ನೆಲೆಗೊಳಿಸುವುದು ಯಾವುದು ಎಂದು ಡೆಲಕ್ರ್ವಾ ಕೇಳುತ್ತಾನೆ. ಹಾರ್ಮನಿ (ಸ್ವರಗಳನ್ನು ಒಟ್ಟಿಗೆ ಕೂಡಿಸುವುದು), ಕೌಂಟರ್‌ಪಾಯಿಂಟ್‌ಗಳ (ಹಲವು ರಾಗದೆಳೆಗಳನ್ನು ಹೆಣೆಯುವುದು) ಸ್ವರೂಪವನ್ನು ಶೋಪೆನ್ ವಿವರಿಸಿ, ಒಂದೇ ಧಾಟಿಯನ್ನು ಹಲವು ಎಳೆಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ಫ್ಯೂಗ್ ಎಂಬುದು ಸಂಗೀತದ ಶುದ್ಧ ತರ್ಕವಿದ್ದಂತೆ ಎನ್ನುತ್ತಾನೆ. ಮೊಜಾರ್ಟನ ಕೃತಿಯಲ್ಲಿ ಪ್ರತಿಯೊಂದು ಎಳೆಗೂ ತನ್ನದೇ ನಡೆ ಇದ್ದೂ ಅದು ಉಳಿದ ಎಳೆಗಳೊಂದಿಗೆ ಹೊಂದಿಕೊಳ್ಳುತ್ತದೆ ಎಂದು ತೋರಿಸಿಕೊಡುತ್ತಾನೆ. ಚಿತ್ರಕಾರನೊಬ್ಬ ಇದನ್ನು ಮನೆಗೆ ಬಂದು ಶ್ರದ್ಧೆಯಿಂದ ಬರೆದಿಟ್ಟದ್ದು ಸುಮ್ಮನೆಯಲ್ಲ. ಬಣ್ಣವೆಂಬುದು ಭಾವಾವೇಶದ ಚೆಲ್ಲಾಟ, ಬುದ್ಧಿಯ ಕೆಲಸವೇನಿದ್ದರೂ ರೇಖೆಯದು ಎಂಬ ಆಕ್ಷೇಪವನ್ನು ಅವನು ಜೀವನವಿಡೀ ಎದುರಿಸಿದವನು. ಬಣ್ಣಕ್ಕೂ ಒಳಗಿನ ತರ್ಕವಿದೆ ಎಂದು ಸಾಧಿಸಲು ಅವನಿಗೆ ಸಂಗೀತಕ್ಕಿಂತ ಒಳ್ಳೆಯ ಸಾಕ್ಷಿ ಸಿಗುತ್ತಿರಲಿಲ್ಲ. ಏನನ್ನು ಬರೆದಿದ್ದಾರೆಂದು ಗುರುತಿಸಲಾಗದಷ್ಟು ದೂರದಿಂದ ನೋಡಿದಾಗಲೂ ಬಣ್ಣ, ಬೆಳಕು, ನೆರಳುಗಳ ಜೋಡಣೆಯೊಂದೇ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ, ಅದೇ ಚಿತ್ರದ ಸಂಗೀತ ಎಂದು ಅವನು ಇನ್ನೊಂದೆಡೆ ಬರೆದಿದ್ದಾನೆ.

ಆದರೆ ಈ ಸ್ನೇಹ ಸಮತೂಕದ್ದಾಗಿರಲಿಲ್ಲ ಎಂಬುದೂ ಅಷ್ಟೇ ನಿಜ. ಇಬ್ಬರನ್ನೂ ಹತ್ತಿರದಿಂದ ಬಲ್ಲ ಲೇಖಕಿ ಜಾರ್ಜ್ ಸ್ಯಾಂಡ್ ತನ್ನ ನೆನಪುಗಳಲ್ಲಿ, ಡೆಲಕ್ರ್ವಾ ಶೋಪೆನ್‌ನ ಸಂಗೀತವನ್ನು ಆರಾಧಿಸುತ್ತಿದ್ದ, ಶೋಪೆನ್ ಮಾತ್ರ ಡೆಲಕ್ರ್ವಾನೆಂಬ ಮನುಷ್ಯನನ್ನು ಪ್ರೀತಿಸಿ ಅವನ ಚಿತ್ರಗಳನ್ನು ಸಹಿಸುತ್ತಿರಲಿಲ್ಲ ಎಂಬರ್ಥದಲ್ಲಿ ಬರೆದಿದ್ದಾಳೆ. ಶೋಪೆನ್ ಪಿಯಾನೊ ನುಡಿಸುತ್ತಿರುವುದನ್ನೂ ಸ್ಯಾಂಡ್ ಆಲಿಸುತ್ತಿರುವುದನ್ನೂ ಒಂದೇ ಕ್ಯಾನ್ವಾಸಿನಲ್ಲಿ ಡೆಲಕ್ರ್ವಾ 1838ರಲ್ಲಿ ಬರೆಯತೊಡಗಿ ಪೂರ್ತಿ ಮಾಡದೆ ಬಿಟ್ಟ. ಅವನ ಮರಣಾನಂತರ ಅದನ್ನು ಕತ್ತರಿಸಿ ಎರಡು ಮಾಡಿದರು. ಶೋಪೆನ್ ಈಗ ಲೂವ್ರ್‌ನಲ್ಲಿದ್ದಾನೆ, ಸ್ಯಾಂಡ್ ಕೋಪನ್‌ಹೇಗನ್ನಿನ ಹತ್ತಿರದ ಒರ್ಡ್ರಪ್‌ಗಾರ್ಡ್ ಸಂಗ್ರಹಾಲಯದಲ್ಲಿದ್ದಾಳೆ.

ಮರುಪ್ರಶ್ನೆ: ಕುಂಚಪ್ರಿಯ

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಸಂಗೀತವನ್ನೇ ವಸ್ತುವಾಗಿಸಿಕೊಂಡ ಚಿತ್ರಗಳನ್ನು ಈ ಲೆಕ್ಕಕ್ಕೆ ಸೇರಿಸಬಾರದೆ? ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರಾಜಾ ರವಿವರ್ಮನ ಗಾಯಕಿಯರ ಚಿತ್ರವಿದೆಯಲ್ಲ, ಅದೂ ಆ ಶತಮಾನದ ಕೊನೆಯ ಭಾಗದ್ದೇ. ಇನ್ನೊಂದು, ಲಿಸ್ಟನನ್ನು ಬಿಟ್ಟರೆ ಸಂಗೀತಗಾರರ ಕಡೆಯಿಂದ ಗಟ್ಟಿಯಾದ ನಿದರ್ಶನ ಯಾವುದು?

ಉತ್ತರ: ಮಂದ್ರ

ರವಿವರ್ಮನ ಆ ತೈಲಚಿತ್ರದಲ್ಲಿ ಬೇರೆ ಬೇರೆ ಸೀಮೆಗಳ ಉಡುಗೆಯ ಸ್ತ್ರೀಯರು ವಾದ್ಯಗಳೊಂದಿಗೆ ಒಂದೆಡೆ ನೆರೆದಿದ್ದಾರೆ. ಸೀರೆಯ ಜರಿಯ ಮೇಲೂ ವೀಣೆಯ ಮರದ ಮೇಲೂ ಬೀಳುವ ಬೆಳಕನ್ನು ಅವನು ಬಿಡಿಸಿದ ಬಗೆ ಸೊಗಸಾಗಿದೆ. ಆದರೆ ಅವರ ಕೈಯ ವಾದ್ಯಗಳನ್ನು ತೆಗೆದು ಹೂಬುಟ್ಟಿಗಳನ್ನು ಕೊಟ್ಟರೂ ಚಿತ್ರದ ಕಟ್ಟಡ ಕದಲುವುದಿಲ್ಲ. ಅಲ್ಲಿ ಸಂಗೀತ ವಸ್ತುವಾಗಿದೆ, ವಿನ್ಯಾಸದ ತತ್ವವಾಗಿಲ್ಲ. ಆದುದರಿಂದ ಈ ಚರ್ಚೆಯ ಮಟ್ಟಿಗೆ ಅದನ್ನು ಬದಿಗಿಡುವುದೇ ಸರಿ.

ನಿಮ್ಮ ಎರಡನೆಯ ಪ್ರಶ್ನೆಗೆ ರಷ್ಯಾದ ಸಂಗೀತಗಾರ ಮುಸೋರ್ಗ್‌ಸ್ಕಿಯೇ ಉತ್ತರ. ಅವನ ಗೆಳೆಯ, ವಾಸ್ತುಶಿಲ್ಪಿ ವಿಕ್ಟರ್ ಹಾರ್ಟ್‌ಮನ್ 1873ರಲ್ಲಿ ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡ. ವಿಮರ್ಶಕ ಸ್ಟಾಸೊವ್ ಮುಂದಾಗಿ ನಿಂತು ಮರುವರ್ಷ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅವನ ಕೃತಿಗಳ ಪ್ರದರ್ಶನ ಏರ್ಪಡಿಸಿದ. ಅದನ್ನು ನೋಡಿದ ಮುಸೋರ್ಗ್‌ಸ್ಕಿ 1874ರ ಜೂನ್ ತಿಂಗಳಲ್ಲಿ ಮೂರು ವಾರಗಳೊಳಗೆ ಪಿಯಾನೊಗಾಗಿ ಹತ್ತು ಚಿತ್ರಗಳ ಮಾಲೆಯನ್ನು ರಚಿಸಿದ. ಅದಕ್ಕೆ ಆಧಾರವಾದ ಹಾರ್ಟ್‌ಮನ್‌ನ ಚಿತ್ರಗಳು ಭವ್ಯ ತೈಲಚಿತ್ರಗಳೇನೂ ಅಲ್ಲ ಎಂಬುದನ್ನು ಗಮನಿಸಬೇಕು. ಒಂದು ಬ್ಯಾಲೆಯಲ್ಲಿ ಮಕ್ಕಳು ಮೊಟ್ಟೆಯೊಳಗಿನ ಮರಿಗಳಾಗಿ ಬರಲು ಮಾಡಿದ ವೇಷದ ನಕ್ಷೆ, ಕೋಳಿಕಾಲಿನ ಗುಡಿಸಿಲಿನಾಕಾರದ ಗಡಿಯಾರ, ಎಂದೂ ಕಟ್ಟದೇ ಉಳಿದ ಕೀವ್ ನಗರದ ಹೆಬ್ಬಾಗಿಲಿನ ವಿನ್ಯಾಸ, ಇಂಥವು. ಮೂಲಚಿತ್ರಗಳಲ್ಲಿ ಹಲವು ಇಂದು ಕಳೆದುಹೋಗಿವೆ, ಸಂಗೀತ ಉಳಿದಿದೆ. ಇದರಿಂದಲೇ, ಇಲ್ಲಿ ಸಂಗೀತ ಚಿತ್ರಕ್ಕೆ ಅಡಿಟಿಪ್ಪಣಿಯಾಗಿ ಹುಟ್ಟಲಿಲ್ಲ ಎಂಬುದು ತಿಳಿಯುತ್ತದೆ.

ಅವನು ಮಾಡಿದ ದೊಡ್ಡ ಕೆಲಸ ಚಿತ್ರಗಳ ನಡುವಿನ ನಡಿಗೆಯನ್ನು ಸಂಗೀತಕ್ಕೆ ತಂದದ್ದು. ಐದು ಮತ್ತು ಆರು ಎಣಿಕೆಗಳ ನಡುವೆ ಹೊರಳುವ ಲಯದಲ್ಲಿ, ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವ ನೋಡುಗನೊಬ್ಬ ಮತ್ತೆ ಮತ್ತೆ ಕೇಳಿಸುತ್ತಾನೆ. ಆ ನಡುವಣ ಭಾಗಗಳಲ್ಲಿ ತನ್ನದೇ ಮುಖಚಹರೆ ಕಾಣುತ್ತದೆ ಎಂದು ಮುಸೋರ್ಗ್‌ಸ್ಕಿ ಸ್ಟಾಸೊವ್‌ಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಪ್ಯಾರಿಸ್ಸಿನ ನೆಲದಡಿಯ ಅಸ್ಥಿಗೃಹದ ಜಲವರ್ಣದಲ್ಲಿ ಹಾರ್ಟ್‌ಮನ್ ಲಾಂದ್ರದ ಬೆಳಕಿನಲ್ಲಿ ತಲೆಬುರುಡೆಗಳ ರಾಶಿಯನ್ನು ನೋಡುತ್ತಿರುವ ತನ್ನನ್ನೇ ಬರೆದುಕೊಂಡಿದ್ದ. ಆ ಚಿತ್ರಕ್ಕೆ ಬಂದಾಗ ಭಾರವಾದ ಸ್ವರಗುಚ್ಛಗಳು ಮುಗಿಯುತ್ತಲೇ ನಡಿಗೆಯ ಧಾಟಿ ಶೋಕದ ಛಾಯೆ ಹೊತ್ತು, ಕಂಪಿಸುವ ತಾರಸ್ವರಗಳ ಕೆಳಗೆ ಕೇಳಿಬರುತ್ತದೆ. ಅಲ್ಲಿಯವರೆಗೆ ಹೊರಗೆ ನಿಂತು ನೋಡುತ್ತಿದ್ದವನು ಈಗ ಚಿತ್ರದೊಳಕ್ಕೆ, ಸತ್ತ ಗೆಳೆಯನ ಬಳಿಗೆ ಹೋಗಿದ್ದಾನೆ. ಕೀವ್ ಹೆಬ್ಬಾಗಿಲಿನ ಗಂಟಾನಾದದಲ್ಲಿ ಅದೇ ಧಾಟಿ ಬೆರೆತುಹೋಗುತ್ತದೆ. ಕುಂಚಪ್ರಿಯರೇ, ಚಿತ್ರಕ್ಕೆ ಕಾಲವಿಲ್ಲ ಎಂಬ ನಿಮ್ಮ ಆಕ್ಷೇಪವನ್ನೇ ಅವನು ಕೃತಿಯ ಮೂಲಧಾತುವಾಗಿಸಿಕೊಂಡಿದ್ದಾನೆ: ಚಿತ್ರಕ್ಕಿಲ್ಲದಿದ್ದರೇನು, ನೋಡುವವನಿಗೆ ಕಾಲವಿದೆ. ಹೀಗಾಗಿ ಸಂಗೀತಗಾರರು ಚಿತ್ರಗಳಿಂದ ಕಥೆಯನ್ನಷ್ಟೇ ಎರವಲು ತಂದರು ಎಂಬ ಹಳೆಯ ಓದುಗರ ಮಾತು ಇಲ್ಲಿ ನಿಲ್ಲುವುದಿಲ್ಲ.

ಉತ್ತರ: ಹಳೆಯ ಓದುಗ

ಮಂದ್ರ ಅವರ ವಾದವನ್ನು ಮುಸೋರ್ಗ್‌ಸ್ಕಿಯ ಮಟ್ಟಿಗೆ ಒಪ್ಪುತ್ತೇನೆ. ಲಿಸ್ಟನ ಹೂಣರ ವಿಷಯದಲ್ಲಿ ನನ್ನ ಮಾತು ಹಾಗೆಯೇ ಇದೆ. ಒಂದು ಸಂಗತಿಯನ್ನು ಸೇರಿಸಬೇಕು. ಸಂಗೀತ ಭಾವವನ್ನಾಗಲಿ ದೃಶ್ಯವನ್ನಾಗಲಿ ಚಿತ್ರಿಸಬೇಕಿಲ್ಲ, ಚಲಿಸುವ ನಾದಾಕೃತಿಗಳೇ ಅದರ ಒಳವಸ್ತು ಎಂದು 1854ರಲ್ಲಿ ಪಟ್ಟು ಹಿಡಿದ ವಿಯೆನ್ನಾದ ವಿಮರ್ಶಕ ಹ್ಯಾನ್ಸ್‌ಲಿಕ್ ಕೂಡ, ಅದನ್ನು ಮನಗಾಣಿಸಲು ಅರಬ್ಬೀ ಬಳ್ಳಿವಿನ್ಯಾಸದ ಮತ್ತು ಬಣ್ಣಬಣ್ಣದ ಕೆಲೈಡೋಸ್ಕೋಪಿನ ಹೋಲಿಕೆಯನ್ನೇ ಕೊಡಬೇಕಾಯಿತು. ಚಿತ್ರವನ್ನು ಬಾಗಿಲಿನಿಂದ ಹೊರಗೆ ಕಳಿಸಿದವನೇ ಕಿಟಕಿಯಿಂದ ಒಳಗೆ ಕರೆದುಕೊಂಡ.

ಉತ್ತರ: ಮಂದ್ರ

ಕೇಳಲು ಹೊರಡುವವರಿಗೆ ಒಂದು ಸೂಚನೆ. ಮುಸೋರ್ಗ್‌ಸ್ಕಿಯ ಆ ಮಾಲೆಯನ್ನು ಫ್ರೆಂಚ್ ಸಂಗೀತಗಾರ ರವೆಲ್ 1922ರಲ್ಲಿ ವಾದ್ಯವೃಂದಕ್ಕೆ ಅಳವಡಿಸಿದ ರೂಪವೇ ಹೆಚ್ಚು ಪ್ರಚಾರದಲ್ಲಿದ್ದರೂ ಮೊದಲು ಪಿಯಾನೊ ಮೂಲವನ್ನು ಕೇಳಿರಿ. ಎತ್ತಿನ ಗಾಡಿಯ ಭಾಗವನ್ನು ಮುಸೋರ್ಗ್‌ಸ್ಕಿ ಮೊದಲ ಸ್ವರದಿಂದಲೇ ಅತಿ ಜೋರಾಗಿ ಆರಂಭಿಸಿದ್ದ, ಗಾಡಿ ನಮ್ಮ ಮುಂದೆಯೇ ನಿಂತಿದೆ ಎಂಬಂತೆ. ಅವನು ತೀರಿಕೊಂಡ ಮೇಲೆ, 1886ರಲ್ಲಿ ರಷ್ಯಾದ ಇನ್ನೊಬ್ಬ ಸಂಗೀತಗಾರ ರಿಮ್‌ಸ್ಕಿ-ಕೋರ್ಸಕೊವ್ ಸಿದ್ಧಪಡಿಸಿದ ಮುದ್ರಣದಲ್ಲಿ ಅದು ಮೆಲ್ಲಗೆ ದೂರದಿಂದ ಬರುವ ಗಾಡಿಯಾಯಿತು, ರವೆಲ್ ಅದನ್ನೇ ಅನುಸರಿಸಿದ. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ನೋಡುಗನನ್ನು ಯಾರು ಎಲ್ಲಿ ನಿಲ್ಲಿಸಿದ್ದಾರೆಂಬುದು ತಾನಾಗಿಯೇ ತಿಳಿಯುತ್ತದೆ.