ಸಮಸ್ಯಾಪೂರಣ: ಅಟ್ಟಿದೂರೇ ಬರಿಯ ಗೋರಿಯ ಕಟ್ಟಿ ಪೂಜಿಸಿತು

ಈ ವಾರದ ವಸ್ತು ಇಟಲಿಯ ಮಹಾಕವಿ ದಾಂತೆ. ಮೇಲಿನದು ಭಾಮಿನಿ ಷಟ್ಪದಿಯ ಕೊನೆಯ ಸಾಲು. ಉಳಿದ ಐದು ನಿಮ್ಮವು. ‘ಟ್ಟ’ ಪ್ರಾಸ ತಪ್ಪಬಾರದು.

— ಮೇಷ್ಟ್ರೇ, ನನ್ನ ಪೂರಣ:

ಹುಟ್ಟಿದೂರೇ ಸುಡುವೆನೆಂದಿತು
ಬಿಟ್ಟು ಬಾಳಿದ ಮನೆಯ ಮಡದಿಯ
ರೊಟ್ಟಿಯುಪ್ಪಾಯಿತ್ತು ಪರರದು ಮೆಟ್ಟಿಲೂ ಕಡಿದು
ಕಟ್ಟಿದನು ನೂರ್ಸಂಧಿ ಕಾವ್ಯವ
ಕೊಟ್ಟುದಿಲ್ಲೆಲುಬನ್ನು ಪರಪುರ
ಅಟ್ಟಿದೂರೇ ಬರಿಯ ಗೋರಿಯ ಕಟ್ಟಿ ಪೂಜಿಸಿತು

ಸಿಕ್ಕರೆ ಜೀವಂತ ಸುಡಬೇಕೆಂದು ಅವನ ಹುಟ್ಟೂರು ಫ್ಲಾರೆನ್ಸ್ ತೀರ್ಪಿತ್ತದ್ದು 1302ರ ಮಾರ್ಚ್‌ನಲ್ಲಿ. ಮತ್ತೆಂದೂ ಅವನು ಊರು ಕಾಣಲಿಲ್ಲ. 1321ರಲ್ಲಿ ಪರಪುರವಾದ ರವೆನ್ನದಲ್ಲಿ ತೀರಿಕೊಂಡ. ಮೂರನೆಯ ಸಾಲು ಅವನದೇ. ಅವನ ಮಹಾಕಾವ್ಯ ‘ಡಿವೈನ್ ಕಾಮಿಡಿ’ಯ ಸ್ವರ್ಗಕಾಂಡದ 17ನೆಯ ಸರ್ಗದಲ್ಲಿ ಪೂರ್ವಿಕನೊಬ್ಬ ಅವನಿಗೆ ಭವಿಷ್ಯ ನುಡಿಯುತ್ತಾನೆ: ಪರರ ರೊಟ್ಟಿ ಎಷ್ಟು ಉಪ್ಪು, ಪರರ ಮೆಟ್ಟಿಲು ಹತ್ತಿಳಿಯುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಾಗುತ್ತದೆ. ಅವನ ಸೀಮೆ ಟಸ್ಕನಿಯ ರೊಟ್ಟಿಗೆ ಉಪ್ಪೇ ಹಾಕುವುದಿಲ್ಲ! ಪ್ರಾಸ ಹುಡುಕುತ್ತಾ ಕೂತವಳಿಗೆ ರೊಟ್ಟಿ, ಮೆಟ್ಟಿಲು ಎರಡೂ ತಾವಾಗಿ ಒದಗಿದಾಗ ಮೈ ಜುಮ್ಮೆಂದಿತು.

— ಮೆಟ್ಟಿಲೂ ಕಡಿದು! ಭೇಷ್ ತಾಯಿ. ‘ನೂರ್ಸಂಧಿ’ ತುಸು ಹಳತು, ಆದರೆ ಗಣಕ್ಕೆ ಚೆನ್ನಾಗಿ ಕೂತಿದೆ. ಅವನು ತನ್ನ ಮಹಾಕಾವ್ಯಕ್ಕಾಗಿ ಹೆಣೆದ ಮೂರು ಸಾಲಿನ ಪದ್ಯದಲ್ಲೂ ನಡುಸಾಲಿನ ಪ್ರಾಸವೇ ಮುಂದಿನ ಪದ್ಯದ ಕೈಹಿಡಿದು ನಡೆಸುತ್ತದೆ. ನೂರು ಸರ್ಗ, 14,233 ಸಾಲು ಹೀಗೇ.

— ಆ ಎಲುಬಿನ ಕಥೆಗೆ ಬೇರೆ ಪದ್ಯವೇ ಬೇಕು ಮೇಷ್ಟ್ರೇ:

ಪೆಟ್ಟಿಗೆಯ ತೆರೆದಾಗ ಬರಿದದು
ಗುಟ್ಟಿನಲಿ ಗೋಡೆಯನು ಕೊರೆದರು
ಇಟ್ಟರೆಲುಬನು ಮಠದ ಮರೆಯಲಿ ಮುನಿಗಳೆಚ್ಚರದಿ
ಬಟ್ಟಲೆಣ್ಣೆಯ ವರುಷ ವರುಷವು
ಕೊಟ್ಟು ದೀಪಕೆ ತಪ್ಪು ತಿದ್ದಲು
ಅಟ್ಟಿದೂರೇ ಬರಿಯ ಗೋರಿಯ ಕಟ್ಟಿ ಪೂಜಿಸಿತು

1519ರಲ್ಲಿ ಪೋಪ್ ಹತ್ತನೆಯ ಲಿಯೋ ಅಸ್ಥಿಯನ್ನು ಫ್ಲಾರೆನ್ಸಿಗೆ ಒಯ್ಯಲು ಒಪ್ಪಿಗೆ ಕೊಟ್ಟ. ಆದರೆ ರವೆನ್ನದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಅದನ್ನು ಮೊದಲೇ ಬಚ್ಚಿಟ್ಟಿದ್ದರು. 1865ರಲ್ಲಿ ದುರಸ್ತಿಗೆಂದು ಗೋಡೆ ಒಡೆದಾಗ ಮರದ ಪೆಟ್ಟಿಗೆಯೊಂದರಲ್ಲಿ ಸಿಕ್ಕಿತು. ಅಷ್ಟರೊಳಗೆ ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನಲ್ಲಿ ಅವನಿಗೊಂದು ಭವ್ಯ ಗೋರಿ ಎದ್ದಿತ್ತು, ಒಳಗೆ ಏನೂ ಇಲ್ಲದೆ. ಇಂದಿಗೂ ರವೆನ್ನದ ಗೋರಿಯ ದೀಪಕ್ಕೆ ಪ್ರತಿ ಸೆಪ್ಟೆಂಬರ್‌ನಲ್ಲಿ ಫ್ಲಾರೆನ್ಸಿನಿಂದ ಎಣ್ಣೆ ಬರುತ್ತದೆ.

— ‘ಬಟ್ಟಲೆಣ್ಣೆ’ ಹಾಗೇ ಇರಲಿ. ‘ತಪ್ಪು ತಿದ್ದಲು’ ಮಾತ್ರ ಬೇಡಪ್ಪ, ಆ ತಪ್ಪು ತಿದ್ದುವಂಥದ್ದಲ್ಲ. 1302ರ ಜನವರಿಯಲ್ಲಿ ಊರು ಅವನಿಗೆ ಮೊದಲು ಹಾಕಿದ್ದು 5000 ಫ್ಲಾರಿನ್ ದಂಡ, ಅವನು ಕಟ್ಟಲಿಲ್ಲ. ಹೀಗೆ ಮಾಡಿ: ‘ಕೊಟ್ಟು ದೀಪಕೆ ದಂಡ ತೆತ್ತಿತು.’