ಅಪ್‌ಡೇಟ್: ಗೆಣಸಿನ ಪಲ್ಯ ಈ ಸಲ ಮುದ್ದೆಯಾಗಲಿಲ್ಲ

ಸಿಹಿಗೆಣಸಿನ ಪಲ್ಯ ಪ್ರತಿ ಸಲವೂ ಮುದ್ದೆಯಾಗುತ್ತದೆ, ಏನು ಮಾಡಬೇಕು ಎಂದು ಕಳೆದ ವಾರ ಕೇಳಿದ್ದೆ. ಕುಕ್ಕರ್ ಬಿಟ್ಟು ಬಾಣಲೆಯಲ್ಲೇ ಬೇಯಿಸಿ ಎಂದು ಹಲವರು ತಿಳಿಸಿದ್ದಿರಿ. ನಿನ್ನೆ ಗಾಂಧಿ ಬಜಾರಿನಿಂದ ಅರ್ಧ ಕೆ.ಜಿ. ಕೆಂಪು ಸಿಪ್ಪೆಯ ಗೆಣಸು ತಂದು, ಸಿಪ್ಪೆ ಹೆರೆದು, ಸಣ್ಣ ಹೋಳುಗಳಾಗಿ ಹೆಚ್ಚಿ, ಕಪ್ಪಾಗದಿರಲೆಂದು ನೀರಿನಲ್ಲಿ ಹಾಕಿಟ್ಟೆ. ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಆ ಹೋಳುಗಳನ್ನು ಹಾಕಿ, ಉಪ್ಪು, ಅರಿಸಿನ ಬೆರೆಸಿ, ಕಾಲು ಲೋಟ ನೀರನ್ನಷ್ಟೇ ಚಿಮುಕಿಸಿ ಸಣ್ಣ ಉರಿಯಲ್ಲಿ ಮುಚ್ಚಿಟ್ಟೆ. 10 ನಿಮಿಷಕ್ಕೆ ಚಾಕುವಿನ ತುದಿ ಸಲೀಸಾಗಿ ಇಳಿಯಿತು, ಆದರೂ ಒಂದು ಹೋಳಿನ ಅಂಚೂ ಮುರಿದಿರಲಿಲ್ಲ; ಅದನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕೊನೆಯಲ್ಲಿ ಕಾಯಿತುರಿ, ನಿಂಬೆರಸ ಬೆರೆಸಿದೆ. ಬೆಲ್ಲ ಹಾಕಲಿಲ್ಲ, ಗೆಣಸಿನ ಸಿಹಿಯೇ ಸಾಕೆಂಬುದು ನನ್ನ ಅಭಿಪ್ರಾಯ. ನಮ್ಮ ಅತ್ತೆಯವರು ತಿಳಿಸಾರು ಅನ್ನದ ಜೊತೆ ಎರಡನೇ ಸಲ ಬಡಿಸಿಕೊಂಡರು. ನಿಮಗೆಲ್ಲರಿಗೂ ನನ್ನ ಕೃತಜ್ಞತೆಗಳು.